ಸಾಳುಂಕೆ ಸಾಹೇಬ್ರ ಲ್ಯಾಬಲ್ಲಿ ರಿಜಿಸ್ಟರ್ ಯಾಕಿಲ್ಲ?

ಟಿವಿಯಲ್ಲಿ ಹಿಂದಿಯ ಸಿಐಡಿ ಸೀರಿಯಲ್ ಹಾಕಿದಾಗೆಲ್ಲ ನನ್ನ ಕಣ್ಣು ಹೋಗೋದು ಅದರ ಫೊರೆನ್ಸಿಕ್ ಲ್ಯಾಬಿನ ಡಾಕ್ಟರ್ ಸಾಳುಂಕೆ ನಿಂತಿರೋ ಟೇಬಲ್ ಮೇಲೆ. ಬಣ್ಣಬಣ್ಣದ ನೀರು ತುಂಬಿದ ಫ್ಲಾಸ್ಕು, ಮೈಕ್ರೋಸ್ಕೋಪು, ಹಿಂದೆ ಮಿಣಮಿಣ ಅನ್ನೋ ಕಂಪ್ಯೂಟರು, ಎಲ್ಲಾ ಇದೆ, ರಿಜಿಸ್ಟರ್ ಮಾತ್ರ ಇಲ್ಲ. ಸ್ಯಾಂಪಲ್ ಯಾರು ತಂದ್ರು, ಎಷ್ಟೊತ್ತಿಗೆ ತಂದ್ರು, ಸೀಲ್ ಸರಿ ಇತ್ತಾ ಇಲ್ವಾ, ಯಾರು ಸಹಿ ಹಾಕಿ ಇಸ್ಕೊಂಡ್ರು, ಒಂದೂ ಇಲ್ಲ. ಎಸಿಪಿ ಪ್ರದ್ಯುಮ್ನ ಒಂದು ಪ್ಲಾಸ್ಟಿಕ್ ಕವರ್ ಕೊಟ್ರು, ಇವರು ಇಸ್ಕೊಂಡ್ರು, ಮುಂದಿನ ಸೀನಲ್ಲಿ ಕೊಲೆಗಾರನ ಜಾತಕವೇ ಹೊರಗೆ. ನಮ್ಮ ಲ್ಯಾಬಲ್ಲಿ ನಾನು ಹಾಗೆ ಮಾಡಿದ್ರೆ ಮರುದಿನ ಗೇಟಲ್ಲೇ ಐಡಿ ಕಾರ್ಡ್ ಕಿತ್ಕೊಳ್ತಾರೆ.

ನಾನು ಇರೋದು ಡೊಂಬಿವಲಿ, ಕೆಲಸ ಅಂಬರನಾಥ್ ಕಡೆ ಒಂದು ಔಷಧಿ ಕಂಪನಿಯ ಕ್ಯೂಸಿ, ಅಂದ್ರೆ ಗುಣಮಟ್ಟ ನೋಡೋ ಲ್ಯಾಬಲ್ಲಿ. ಅಂದ್ರೆ ಟಿವಿಯಲ್ಲಿ ಹಿಂದೆ ಶೋಗೆ ಇಟ್ಟಿರ್ತಾರಲ್ಲ ಆ ಮಶೀನುಗಳು, ಎಚ್‌ಪಿಎಲ್‌ಸಿ, ಜಿಸಿ, ಅಂದ್ರೆ ಒಂದು ಮಿಶ್ರಣದಲ್ಲಿ ಏನೇನಿದೆ ಅಂತ ಬಿಡಿಸಿ ತೋರಿಸೋವು, ಅದೇ ನನ್ನ ಅನ್ನ. ನಾನು ನೋಡೋದು ಮಾತ್ರೆ, ಹೆಣ ಅಲ್ಲ, ಆದ್ರೆ ಮಶೀನ್ ಮಶೀನೇ ಅಲ್ವಾ. ಮನೇಲಿ ಅತ್ತೆ ಇದ್ದಾರೆ, ಕುಂದಾಪುರದವರು, ಮುಂಬೈಗೆ ಬಂದು ಹಿಂದಿ ಕಲಿತದ್ದೇ ಸಿಐಡಿಯಿಂದ ಅಂದ್ರೂ ತಪ್ಪಿಲ್ಲ. 1998ರಲ್ಲಿ ಶುರುವಾಗಿ 2018ರವರೆಗೆ ಓಡಿದ ಸೀರಿಯಲ್ ಅದು, ಮತ್ತೆ 2024ರ ಡಿಸೆಂಬರಲ್ಲಿ ವಾಪಸ್ ಬಂತು, ಅತ್ತೆಗೆ ಹೋದ ಜೀವ ಬಂದ ಹಾಗಾಯ್ತು. ಅದರಲ್ಲೂ ಬಾಗಿಲು ಒಡೆಯೋ ದಯಾ ಅಂದ್ರೆ ನಮ್ಮ ದಯಾನಂದ ಶೆಟ್ಟಿ, ಉಡುಪಿ ಕಡೆಯವರು, ಹಾಗಾಗಿ ಮನೇಲಿ ಆ ಸೀರಿಯಲ್ ಬಗ್ಗೆ ಏನಾದ್ರೂ ಕೊಂಕು ಮಾತಾಡಿದ್ರೆ ಅದು ಊರಿಗೇ ಮಾಡಿದ ಅವಮಾನ. ನಾನೂ ನೋಡ್ತೀನಿ ಅನ್ನಿ. ನೋಡ್ತಾ ಗೊಣಗ್ತೀನಿ. ಅತ್ತೆ ಒಂದಿನ ರಿಮೋಟ್ ಕೆಳಗಿಟ್ಟು, "ಹಂಗಾರೆ ನಿಜದಲ್ಲಿ ಎಂತ ಮಾಡ್ತಾರೆ ಹೇಳು ಕಾಂಬ" ಅಂದ್ರು. ಅವರಿಗೆ ಒಂದೇ ಸಲಕ್ಕೆ ಹೇಳಿ ಮುಗಿಸೋಕೆ ಆಗದೆ ಇರೋದನ್ನೆಲ್ಲ ಇಲ್ಲಿ ಬರೀತಿದ್ದೀನಿ.

ಮೊದಲು ವಿಷದ ವಿಚಾರ, ಯಾಕಂದ್ರೆ ಅದು ನನ್ನ ಕೆಲಸಕ್ಕೆ ಹತ್ರ. ಸೀರಿಯಲಲ್ಲಿ ರಕ್ತಕ್ಕೆ ಒಂದು ಹನಿ ಏನೋ ಹಾಕ್ತಾರೆ, ನೀಲಿ ಬಣ್ಣ ಬಂತು, "ಇದು ಅಪರೂಪದ ವಿಷ ಬಾಸ್". ಎಲ್ಲಾ ವಿಷವನ್ನೂ ಒಂದೇ ಏಟಿಗೆ ಹಿಡಿಯೋ ಟೆಸ್ಟ್ ಅಂತ ಲೋಕದಲ್ಲಿ ಇಲ್ಲ ಮಾರಾಯ್ರೆ. ಆಲ್ಕೋಹಾಲ್, ಸಯನೈಡ್ ಥರ ಆವಿಯಾಗಿ ಹೋಗೋವಕ್ಕೆ ಒಂದು ದಾರಿ, ಆರ್ಸೆನಿಕ್ ಥರ ಲೋಹಗಳಿಗೆ ಇನ್ನೊಂದು ದಾರಿ, ನಿದ್ದೆ ಮಾತ್ರೆ, ಕೀಟನಾಶಕ ಇವಕ್ಕೆಲ್ಲ ಬೇರೆ ದಾರಿ. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರ್ ಹೊಟ್ಟೆ, ಅದರೊಳಗಿದ್ದದ್ದು, ಕರುಳಿನ ತುಂಡು, ಲಿವರ್, ಕಿಡ್ನಿ ಇಂಥದ್ದನ್ನೆಲ್ಲ ತೆಗೆದು ಸಾಮಾನ್ಯವಾಗಿ ಉಪ್ಪು ಕರಗಿ ಕರಗಿ ಇನ್ನು ಕರಗಲ್ಲ ಅನ್ನೋವಷ್ಟು ಗಟ್ಟಿ ಉಪ್ಪುನೀರಲ್ಲಿ ಹಾಕಿ ಕಳಿಸ್ತಾರೆ, ಇದಕ್ಕೇ ವಿಸೆರಾ ಅನ್ನೋದು. ಜೊತೆಗೆ ಆ ಉಪ್ಪುನೀರನ್ನೇ ಇನ್ನೊಂದು ಬಾಟಲಿಯಲ್ಲಿ ಬೇರೆಯಾಗಿ ಕಳಿಸಬೇಕು. ಯಾಕೆ? ನಾಳೆ ವಕೀಲ ಎದ್ದು ನಿಂತು "ವಿಷ ನಿಮ್ಮ ಉಪ್ಪಲ್ಲೇ ಇತ್ತು ಸ್ವಾಮಿ" ಅಂದ್ರೆ ಉತ್ತರ ಬೇಕಲ್ಲ. ಈ ಖಾಲಿ ಉಪ್ಪುನೀರಿನ ಬಾಟಲಿ ಇದೆಯಲ್ಲ, ನನಗೆ ಇಡೀ ಫೊರೆನ್ಸಿಕ್ ಕೆಲಸದಲ್ಲಿ ತುಂಬಾ ಇಷ್ಟವಾದ ವಸ್ತು ಅದೇ, ಯಾವ ಸೀರಿಯಲಲ್ಲೂ ಅದನ್ನ ನಾನು ನೋಡಿಲ್ಲ.

ಆಮೇಲೆ ಆ ಅಂಗಾಂಶನ ಅರೆದು, ಪ್ರೋಟೀನು ಕೊಬ್ಬು ಎಲ್ಲಾ ಬೇರೆ ಮಾಡಿ, ಆಮ್ಲದಲ್ಲಿ ಒಂದು ಸಲ ಕ್ಷಾರದಲ್ಲಿ ಒಂದು ಸಲ ದ್ರಾವಕಕ್ಕೆ ಎಳೆದು, ಆರಿಸಿ, ತಟ್ಟೆ ತಳದಲ್ಲಿ ಉಳಿದ ಚೂರನ್ನ ಮೊದಲು ವಸ್ತುಗಳನ್ನ ಚುಕ್ಕಿ ಚುಕ್ಕಿಯಾಗಿ ಬೇರೆ ಮಾಡೋ ಟಿಎಲ್‌ಸಿ ಪ್ಲೇಟಲ್ಲಿ ಓಡಿಸಿ ನೋಡ್ತಾರೆ, ಅನುಮಾನ ಬಂದದ್ದನ್ನ, ಬೇರೆ ಮಾಡಿ ಅಣುವನ್ನ ಒಡೆದು ಗುರುತು ಹಿಡಿಯೋ ಜಿಸಿ-ಎಂಎಸ್‌ಗೆ ಹಾಕ್ತಾರೆ. ಮಶೀನು "ಮ್ಯಾಚ್" ಅಂತ ಕೆಂಪಕ್ಷರದಲ್ಲಿ ಬರೆದು ಬೀಪ್ ಅನ್ನಲ್ಲ. ಅದು ಒಂದು ಪಟ್ಟಿ ಕೊಡುತ್ತೆ, ಇದಿರಬಹುದು, ಇದೂ ಇರಬಹುದು, ಇಷ್ಟಿಷ್ಟು ಹೋಲಿಕೆ ಅಂತ. ಆಮೇಲೆ ಮನುಷ್ಯರು ಕೂತು ಅದೇ ವಸ್ತುವಿನ ಶುದ್ಧ ಸ್ಟ್ಯಾಂಡರ್ಡ್ ತಂದು ಅದನ್ನೂ ಓಡಿಸಿ, ಎರಡೂ ಒಂದೇ ಹೊತ್ತಿಗೆ ಹೊರಬರುತ್ತಾ, ಒಂದೇ ಥರ ಒಡೆಯುತ್ತಾ ನೋಡಬೇಕು. ಮಧ್ಯೆ ಬ್ಲ್ಯಾಂಕ್, ಅಂದ್ರೆ ಸ್ಯಾಂಪಲ್ ಇಲ್ಲದ ಬರೀ ದ್ರಾವಕ, ಓಡಿಸಬೇಕು, ಹಿಂದಿನ ಹೆಣದ ವಿಷ ಈ ಹೆಣದ ಲೆಕ್ಕಕ್ಕೆ ಸೇರಬಾರದಲ್ಲ. ಒಂದು ರನ್ನಿಗೇ ಅರ್ಧ ಗಂಟೆ ಹೋಗೋದು ಸಾಮಾನ್ಯ. ನನ್ನ ಹತ್ರ ಬರೋ ಮಾತ್ರೆಯಲ್ಲಿ ಏನಿದೆ ಅಂತ ಕವರ್ ಮೇಲೇ ಬರೆದಿರುತ್ತೆ, ಇವರ ಡಬ್ಬಿ ಮೇಲೆ ಏನೂ ಬರೆದಿರಲ್ಲ, ಅಷ್ಟೇ ವ್ಯತ್ಯಾಸ, ಆದ್ರೆ ಆ ವ್ಯತ್ಯಾಸ ದೊಡ್ಡದು.

ಎಂಎಸ್ಸಿಯಲ್ಲಿ ಜೊತೆಗಿದ್ದ ಗೆಳತಿ ಒಬ್ಬಳು ಸರ್ಕಾರಿ ಫೊರೆನ್ಸಿಕ್ ಲ್ಯಾಬಲ್ಲಿದ್ದಾಳೆ, ವಿಷ ಪರೀಕ್ಷೆ ಮಾಡೋ ಟಾಕ್ಸಿಕಾಲಜಿಯಲ್ಲೇ. ಧಾರವಾಡದ ಹುಡುಗಿ. ಮಹಾರಾಷ್ಟ್ರದ ಫೊರೆನ್ಸಿಕ್ ಮುಖ್ಯ ಕಚೇರಿ ಸಾಂತಾಕ್ರೂಜ್‌ನ ಕಲಿನಾದಲ್ಲಿದೆ, ಪುಣೆ, ನಾಗಪುರ, ನಾಶಿಕ್ ಇಲ್ಲೆಲ್ಲ ಪ್ರಾದೇಶಿಕ ಲ್ಯಾಬುಗಳಿವೆ, ಇವಳು ಯಾವುದರಲ್ಲಿದ್ದಾಳೆ ಅಂತ ಹೇಳಲ್ಲ, ಪಾಪ ಅವಳ ಕೆಲಸ. "ನೀನು ಕೊಲೆಗಾರನ್ನ ಹಿಡೀತಿಯೇನೇ" ಅಂತ ಕೇಳಿದ್ರೆ ನಗ್ತಾಳೆ. "ಯಾರು ಕೊಂದ್ರು ಅಂತ ನನ್ನ ಯಾರೂ ಕೇಳಂಗಿಲ್ಲವಾ. ಈ ಡಬ್ಬಿ ಒಳಗ ವಿಷ ಐತೋ ಇಲ್ಲೋ, ಅಷ್ಟ ಕೇಳ್ತಾರ. ಇದ್ರ ಐತಿ, ಇಲ್ಲಾಂದ್ರ ಇಲ್ಲ, ಬರದು ಕಳಸ್ತೇನಿ." ಸತ್ತವರು ಯಾರು, ಗಂಡ ಎಂಥವನು, ಆಸ್ತಿ ಜಗಳ ಇತ್ತಾ, ಇದೆಲ್ಲ ಅವಳಿಗೆ ಬೇಡ, ಗೊತ್ತಾಗದಿದ್ರೇ ಒಳ್ಳೇದು ಕೂಡ, ಗೊತ್ತಾದ್ರೆ ಮನಸ್ಸು ಒಂದು ಕಡೆ ವಾಲುತ್ತೆ. ಸಾಳುಂಕೆಯವರು ಹೆಣದ ಮುಂದೆ ನಿಂತು ಕೇಸ್ ಚರ್ಚೆ ಮಾಡ್ತಾರಲ್ಲ, ಅದು ಡ್ರಾಮಾಗೆ ಚಂದ. ಮತ್ತೆ ಅವರೊಬ್ಬರೇ ಪೋಸ್ಟ್‌ಮಾರ್ಟಂ ಮಾಡ್ತಾರೆ, ಡಿಎನ್‌ಎ ಮಾಡ್ತಾರೆ, ಗುಂಡು ನೋಡ್ತಾರೆ, ವಿಷ ನೋಡ್ತಾರೆ, ಕೈಬರಹ ನೋಡ್ತಾರೆ. ನಿಜದಲ್ಲಿ ಇವೆಲ್ಲ ಬೇರೆ ಬೇರೆ ವಿಭಾಗ, ಹೆಣ ಕೊಯ್ಯೋದು ಆಸ್ಪತ್ರೆಯ ಡಾಕ್ಟರು, ಲ್ಯಾಬಿನವರಲ್ಲವೇ ಅಲ್ಲ. ಗೆಳತಿ ಇಷ್ಟು ವರ್ಷದಲ್ಲಿ ಪೂರ್ತಿ ಹೆಣ ನೋಡಿದ್ದೇ ಇಲ್ಲವಂತೆ. ಬರೀ ಡಬ್ಬಿ.

ಈಗ ಆ ಡಬ್ಬಿ ತೆಗೆಯೋ ಕಥೆ ಕೇಳಿ. ಪೊಲೀಸ್ ಕಾನ್ಸ್‌ಟೇಬಲ್ ಒಬ್ಬರು ಬಸ್ಸಲ್ಲೋ ಲೋಕಲಲ್ಲೋ ಹೊತ್ತುಕೊಂಡು ಬಂದಿರ್ತಾರೆ. ಬಟ್ಟೆ ಸುತ್ತಿ ದಾರ ಕಟ್ಟಿ ಗಂಟಿನ ಮೇಲೆ ಕೆಂಪು ಅರಗಿನ ಸೀಲ್. ಜೊತೆಗೆ ಒಂದು ಪತ್ರ, ಅದರಲ್ಲಿ ಕೇಸ್ ನಂಬರು, ಯಾವ ಯಾವ ಮುದ್ದೆಮಾಲು ಅಂದ್ರೆ ವಶಪಡಿಸಿಕೊಂಡ ವಸ್ತು, ಏನು ಪರೀಕ್ಷೆ ಬೇಕು, ಮತ್ತೆ ಅದೇ ಸೀಲಿನ ಒಂದು ಮಾದರಿ ಅಚ್ಚು. ಮೊದಲ ಕೆಲಸ ಕೆಮಿಸ್ಟ್ರಿ ಅಲ್ಲ. ಗಂಟಿನ ಮೇಲಿನ ಅಚ್ಚು, ಪತ್ರದ ಮೇಲಿನ ಅಚ್ಚು ಎರಡೂ ಒಂದೇನಾ ಅಂತ ಕಣ್ಣಿಟ್ಟು ನೋಡೋದು. ಅರಗು ಒಡೆದಿದ್ರೆ, ಪತ್ರದಲ್ಲಿ ಮೂರು ಪ್ಯಾಕೆಟ್ ಅಂತಿದ್ದು ಎದುರಿಗೆ ಎರಡೇ ಇದ್ರೆ, ಲೇಬಲ್ ನಂಬರ್ ತಾಳೆ ಆಗದಿದ್ರೆ ಅಲ್ಲೇ ನಿಲ್ತು. ತಾಳೆ ಆದ ಮೇಲೇ ನಂಬರ್ ಕೊಟ್ಟು ರಿಜಿಸ್ಟರಲ್ಲಿ ಏರಿಸೋದು. ಆಮೇಲೆ ಸರದಿ. ಆ ಸರದಿಯ ಉದ್ದ ಕೇಳಬೇಡಿ. ಇಲ್ಲಿನ ಕೋರ್ಟುಗಳಲ್ಲಿ ಎಲ್ಲರೂ "ಸಿಎ ರಿಪೋರ್ಟ್ ಬಂದಿಲ್ಲ" ಅಂತ ಹೇಳೋದನ್ನ ಕೇಳಿರ್ತೀರಿ, ಸಿಎ ಅಂದ್ರೆ ಕೆಮಿಕಲ್ ಅನಲೈಸರ್, ಚಾರ್ಟರ್ಡ್ ಅಕೌಂಟೆಂಟ್ ಅಲ್ಲ.

ಮಳೆಗಾಲದಲ್ಲಿ ಅವಳ ಗೋಳು ಇನ್ನೊಂದು ಥರ. ರಕ್ತ ಹತ್ತಿದ ಶರ್ಟನ್ನ ನೆರಳಲ್ಲಿ ಒಣಗಿಸಿ ಕಾಗದದ ಕವರಲ್ಲಿ ಹಾಕಬೇಕು. ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ ಗಂಟು ಹಾಕಿದ್ರೆ, ಜುಲೈ ತಿಂಗಳ ಮುಂಬೈ ಸೆಕೆ ಸೇರಿ, ಬಿಚ್ಚುವಾಗ ಬೂಷ್ಟು ಹಿಡಿದು ಮುಗ್ಗಲು ವಾಸನೆ, ರಕ್ತದಲ್ಲಿದ್ದ ಡಿಎನ್‌ಎ ಕೊಳೆತು ಹಾಳು. ಟಿವಿಯಲ್ಲಿ ದಿನಾ ತೋರಿಸೋದು ಏನು? ಪಾರದರ್ಶಕ ಪ್ಲಾಸ್ಟಿಕ್ ಕವರು. ಯಾಕಂದ್ರೆ ಕ್ಯಾಮೆರಾಗೆ ಒಳಗಿದ್ದದ್ದು ಕಾಣಬೇಕು. ಕಂದು ಕಾಗದದ ಕವರ್ ಹಿಡ್ಕೊಂಡು ಸೀರಿಯಲಿನ ಇನ್‌ಸ್ಪೆಕ್ಟರ್ ಅಭಿಜಿತ್ ಬಂದ್ರೆ ವಡಾಪಾವ್ ತಂದ್ರಾ ಅಂತ ಜನ ಕೇಳ್ತಾರೆ.

ಸತ್ತ ಸಮಯದ ಬಗ್ಗೆ ನನಗೆ ತುಂಬಾ ಸಿಟ್ಟಿದೆ. "ರಾತ್ರಿ ಹನ್ನೊಂದರಿಂದ ಹನ್ನೊಂದೂವರೆ ಒಳಗೆ ಕೊಲೆ ಆಗಿದೆ ಸರ್." ಹೇಗೆ ಸ್ವಾಮಿ? ಹೆಣ ತಣ್ಣಗಾಗೋ ಲೆಕ್ಕ ಹಿಡಿದು ಸಮಯ ಹೇಳೋದು ಒಂದು ಪದ್ಧತಿ, ಆದ್ರೆ ದೇಹದ ಉಷ್ಣತೆ 37 ಡಿಗ್ರಿ, ಮೇ ತಿಂಗಳಲ್ಲಿ ತಗಡಿನ ಮಾಡಿನ ಚಾಳ್ ಕೋಣೆಯೊಳಗೆ 34 ಇದ್ರೆ ತಣ್ಣಗಾಗೋಕೆ ಜಾಗ ಎಲ್ಲಿದೆ? ಮೂರು ಡಿಗ್ರಿಯಲ್ಲಿ ಅರ್ಧ ಗಂಟೆ ಲೆಕ್ಕ ತೆಗೆಯೋಕಾಗುತ್ತಾ? ಮೈ ಸೆಟೆದುಕೊಳ್ಳೋದಕ್ಕೆ ಪುಸ್ತಕದಲ್ಲಿ ಒಂದು ಅಂದಾಜಿದೆ, ಪೂರ್ತಿ ಸೆಟೆಯೋಕೆ ಸುಮಾರು 12 ಗಂಟೆ, ಹಾಗೇ ಇರೋದು 12, ಸಡಿಲ ಆಗೋಕೆ 12. ಬಿಸಿ ಊರಲ್ಲಿ ಇದೆಲ್ಲ ಬೇಗ ಬೇಗ ನಡೆದು ಹೋಗುತ್ತೆ, ಕೊಳೆಯೋದೂ ಬೇಗ. ಸತ್ತವನು ತೆಳ್ಳಗಿದ್ದನಾ, ಜ್ವರ ಇತ್ತಾ, ಫ್ಯಾನ್ ಓಡ್ತಿತ್ತಾ, ಓಡಿ ಹೊಡೆದಾಡಿ ಸತ್ತನಾ, ಎಲ್ಲದಕ್ಕೂ ಬದಲಾಗುತ್ತೆ. ಹಾಗಾಗಿ ಒಳ್ಳೆ ಡಾಕ್ಟರು ಇಷ್ಟು ಗಂಟೆಯಿಂದ ಇಷ್ಟು ಗಂಟೆ ಒಳಗೆ ಅಂತ ದೊಡ್ಡ ಅಂತರ ಬಿಟ್ಟೇ ಬರೀತಾರೆ. ಅಷ್ಟು ಬಿಟ್ರೆ ಸೀರಿಯಲಿನ ಅಲಿಬೈ, ಅಂದ್ರೆ ಆ ಹೊತ್ತಲ್ಲಿ ನಾನು ಬೇರೆ ಕಡೆ ಇದ್ದೆ ಅನ್ನೋ ವಾದ, ಪೂರ್ತಿ ಕುಸಿದು ಬೀಳುತ್ತೆ, ಪಾಪ ಬರೆಯೋರೂ ಏನು ಮಾಡ್ತಾರೆ.

ನೀಲಿ ಲೈಟ್ ಹಾಕಿದ ಕೂಡ್ಲೆ ಗೋಡೆ ತುಂಬಾ ರಕ್ತ ಹೊಳೆಯೋದು ಇನ್ನೊಂದು. ಬರೀ ಆ ಬೆಳಕಿಗೆ ರಕ್ತ ಹೊಳೆಯಲ್ಲ, ಬೆಳಕನ್ನ ನುಂಗಿ ಕಪ್ಪಗೆ ಕಾಣುತ್ತೆ. ಹೊಳೆಯೋದು ವೀರ್ಯ, ಎಂಜಲು, ಮೂತ್ರ ಇಂಥವು. ತೊಳೆದು ಹಾಕಿದ ರಕ್ತ ಹೊಳೀಬೇಕಾದ್ರೆ ಲ್ಯೂಮಿನಾಲ್ ಅನ್ನೋ ರಾಸಾಯನಿಕ ಸಿಂಪಡಿಸಿ ಕತ್ತಲೆ ಮಾಡಬೇಕು, ಆಗ ಸ್ವಲ್ಪ ಹೊತ್ತು ನೀಲಿಯಾಗಿ ಮಿಂಚಿ ಆರಿಹೋಗುತ್ತೆ. ಅದೂ ನೆಲ ಒರೆಸೋ ಬ್ಲೀಚಿಂಗ್ ಇದ್ರೂ ಮಿಂಚುತ್ತೆ, ತಾಮ್ರಕ್ಕೂ ಮಿಂಚುತ್ತೆ. ಅತ್ತೆ ಬಚ್ಚಲಿಗೆ ಹಾಕೋ ಬ್ಲೀಚಿಂಗ್ ಪೌಡರ್ ಲೆಕ್ಕದಲ್ಲಿ ನಮ್ಮನೆ ಬಚ್ಚಲು ಒಂದು ಕಸಾಯಿಖಾನೆ ಅಂತ ಕಾಣಬಹುದು. ಅದಕ್ಕೇ ಇದು ಬರೀ ಅನುಮಾನದ ಟೆಸ್ಟ್, ಆಮೇಲೆ ರಕ್ತ ಹೌದಾ, ಮನುಷ್ಯರದ್ದಾ, ಯಾರದ್ದು ಅಂತ ಬೇರೆ ಬೇರೆಯಾಗಿ ಖಚಿತ ಮಾಡ್ಕೋಬೇಕು.

ಬೆರಳಚ್ಚಿನಲ್ಲಿ ನಮ್ಮ ದೇಶಕ್ಕೆ ದೊಡ್ಡ ಹೆಸರಿದೆ, ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾದದ್ದು 1897ರಲ್ಲಿ ಕಲ್ಕತ್ತಾದಲ್ಲಿ. ಹೆಸರು ಎಡ್ವರ್ಡ್ ಹೆನ್ರಿ ಅನ್ನೋ ಸಾಹೇಬರಿಗೆ ಹೋಯ್ತು, ವಿಂಗಡಣೆಯ ಲೆಕ್ಕ ಕೂಡಿಸಿದ್ದರಲ್ಲಿ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅನ್ನೋ ಇಬ್ಬರು ನಮ್ಮವರ ದೊಡ್ಡ ಪಾಲಿತ್ತು. ಈಗ ನಾಫಿಸ್ ಅಂತ 2022ರಿಂದ ದೇಶಕ್ಕೆಲ್ಲ ಒಂದೇ ಕಂಪ್ಯೂಟರ್ ವ್ಯವಸ್ಥೆ ಇದೆ. ಆದ್ರೆ ಅಲ್ಲೂ ಕಂಪ್ಯೂಟರ್ ಕೊಡೋದು ಹತ್ತಿರದ ಹೋಲಿಕೆಗಳನ್ನ, ಕೊನೆಗೆ ಲೆನ್ಸ್ ಹಿಡಿದು ಗೆರೆ ಗೆರೆ ಹೋಲಿಸಿ ಹೌದು ಅನ್ನೋದು ಪರಿಣತರೇ. ಮತ್ತೆ ದಾಖಲೆಯಲ್ಲಿ ಇಲ್ಲದವನ ಬೆರಳು ಎಷ್ಟು ಸ್ಪಷ್ಟ ಸಿಕ್ಕಿದ್ರೂ ಅವನ ಫೋಟೋ ಸ್ಕ್ರೀನ್ ಮೇಲೆ ಬರಲ್ಲ.

ಡಿಎನ್‌ಎಗೆ ಇದು ಇನ್ನೂ ಜಾಸ್ತಿ ಅನ್ವಯ. ಸೀರಿಯಲಲ್ಲಿ ಒಂದು ಕೂದಲು ಸಿಕ್ತು, ಕಂಪ್ಯೂಟರಿಗೆ ಹಾಕಿದ್ರು, ಹೆಸರು ವಿಳಾಸ ಬಂತು. ಅಮೆರಿಕದಲ್ಲಿ ಕೋಡಿಸ್ ಅಂತ ಅಪರಾಧಿಗಳ ಡಿಎನ್‌ಎ ಭಂಡಾರ ಇದೆ, ಅಲ್ಲಿನ ಸೀರಿಯಲ್ ನೋಡಿ ಇಲ್ಲಿ ಬರೆದ್ರೆ ಹಿಂಗೇ ಆಗೋದು. ನಮ್ಮಲ್ಲಿ ಅಂಥ ಭಂಡಾರಕ್ಕೆ ಅಂತ 2019ರಲ್ಲಿ ಲೋಕಸಭೆಯಲ್ಲಿ ತಂದ ಮಸೂದೆಯನ್ನ 2023ರಲ್ಲಿ ಸರ್ಕಾರ ವಾಪಸ್ ತಗೊಂಡಿತು. ಹಾಗಾಗಿ ಮೊದಲು ಪೊಲೀಸರು ಕಾಲು ಸವೆಸಿ ಒಬ್ಬ ಶಂಕಿತನನ್ನ ಹುಡುಕಬೇಕು, ಆಮೇಲೆ ಅವನ ರಕ್ತ ತಂದು ಹೋಲಿಸಬೇಕು. ಇನ್ನೊಂದು ಮಜಾ ಗೊತ್ತಾ, 1984ರಲ್ಲಿ ಇಂಗ್ಲೆಂಡಿನ ಲೆಸ್ಟರಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚು ಕಂಡುಹಿಡಿದ ಮೇಲೆ ಮೊದಲ ಕೊಲೆ ಕೇಸಲ್ಲಿ ಅದು ಮಾಡಿದ ಮೊದಲ ಕೆಲಸ ಕೊಲೆಗಾರನನ್ನ ಹಿಡಿದದ್ದಲ್ಲ, ತಪ್ಪೊಪ್ಪಿಕೊಂಡಿದ್ದ ಒಬ್ಬ ಹುಡುಗನನ್ನ ಇವನಲ್ಲ ಅಂತ ಬಿಡಿಸಿದ್ದು. ಎಸಿಪಿ ಎದುರು ಕಪಾಳಕ್ಕೆ ಏಟು ತಿಂದು ಒಪ್ಕೊಂಡವರೆಲ್ಲ ಸೀರಿಯಲಲ್ಲಿ ನಿಜವಾದ ಅಪರಾಧಿಗಳೇ ಆಗಿರ್ತಾರೆ, ಇದೊಂದು ನನಗೆ ನಗು ಬರದ ವಿಷಯ.

ವಸ್ತುವನ್ನ ಕಾಯೋದು ಎಷ್ಟು ಕಷ್ಟ ಅಂತ ನಮ್ಮ ಸುತ್ತಮುತ್ತಲೇ ನೋಡಿ. ಮುಂಬೈಯ ಶೀನಾ ಬೋರಾ ಕೊಲೆ ಕೇಸಲ್ಲಿ ರಾಯಗಡದ ಪೇಣ್ ಹತ್ರ ಕಾಡಲ್ಲಿ 2012ರಲ್ಲೇ ಸುಟ್ಟ ದೇಹದ ಅವಶೇಷ ಸಿಕ್ಕಿತ್ತು, ಯಾರದ್ದು ಅನ್ನೋ ಪ್ರಶ್ನೆ ಎದ್ದದ್ದು 2015ರಲ್ಲಿ. ಮೂರು ವರ್ಷ ಆ ಮೂಳೆಗಳಿಗೆ ಹೆಸರಿರಲಿಲ್ಲ. 2024ರಲ್ಲಿ ವಿಚಾರಣೆ ನಡೀತಿರುವಾಗ ಮೂಳೆಗಳು ಕಾಣ್ತಿಲ್ಲ ಅಂತ ಪ್ರಾಸಿಕ್ಯೂಶನ್ ಕೋರ್ಟಿಗೆ ಹೇಳಿತು, ಸ್ವಲ್ಪ ದಿನಕ್ಕೆ ದೆಹಲಿಯ ಸಿಬಿಐ ಆಫೀಸಲ್ಲೇ ಇವೆ ಅಂತ ಗೊತ್ತಾಯ್ತು. ಪುಣೆಯ ಕಲ್ಯಾಣಿನಗರದಲ್ಲಿ 2024ರ ಮೇ ತಿಂಗಳಲ್ಲಿ ಪೋರ್ಶೆ ಕಾರು ಗುದ್ದಿ ಇಬ್ಬರು ಸತ್ತ ಕೇಸ್ ನೆನಪಿದೆಯಲ್ಲ, ಅಲ್ಲಿ ಕಾರು ಓಡಿಸಿದ ಹುಡುಗನ ರಕ್ತದ ಬದಲು ಬೇರೆಯವರ ರಕ್ತ ಇಟ್ಟರು ಅನ್ನೋದೇ ಆರೋಪ, ಅದರ ವಿಚಾರಣೆ ಬೇರೆ. ಅದು ಬಯಲಾದದ್ದು ಹೇಗೆ? ಇನ್ನೊಂದು ಆಸ್ಪತ್ರೆಯಲ್ಲಿ ಮತ್ತೊಂದು ಸ್ಯಾಂಪಲ್ ತಗೊಂಡಿದ್ರು, ಡಿಎನ್‌ಎ ಹೋಲಿಸಿದಾಗ ಎರಡೂ ಒಬ್ಬರದ್ದಲ್ಲ ಅಂತ ಬಂತು. ಮಶೀನ್ ಎಷ್ಟು ಕೋಟಿದ್ದಾದ್ರೂ ಅದಕ್ಕೆ ಗೊತ್ತಾಗೋದು ಬಾಟಲಿಯೊಳಗಿನ ರಕ್ತ ಮಾತ್ರ, ಬಾಟಲಿಯ ಮೇಲಿನ ಹೆಸರು ಸುಳ್ಳಾಗಿದ್ರೆ ಅದು ಅಷ್ಟೇ ಪ್ರಾಮಾಣಿಕವಾಗಿ ಸುಳ್ಳು ರಿಪೋರ್ಟ್ ಕೊಡುತ್ತೆ. ಅಂದ ಹಾಗೆ ಆಲ್ಕೋಹಾಲ್ ಪರೀಕ್ಷೆಗೆ ರಕ್ತ ತೆಗೆಯುವಾಗ ಕೈಗೆ ಸ್ಪಿರಿಟ್ ಹಚ್ಚಬಾರದು, ಸ್ಪಿರಿಟ್ ಅಂದ್ರೂ ಆಲ್ಕೋಹಾಲೇ ಅಲ್ವಾ. ಬಾಟಲಿಗೆ ಸೋಡಿಯಂ ಫ್ಲೋರೈಡ್ ಹಾಕಿರಬೇಕು, ಇಲ್ಲಾಂದ್ರೆ ರಕ್ತ ಕೆಟ್ಟು ಅದರೊಳಗೇ ಆಲ್ಕೋಹಾಲ್ ಹುಟ್ಕೊಳ್ಳುತ್ತೆ.

ನಮ್ಮ ಕರಾವಳಿಯವರಿಗೆ ಸಯನೈಡ್ ಮೋಹನ ಗೊತ್ತಿಲ್ಲದೆ ಇಲ್ಲ. ಮದುವೆ ಆಗ್ತೀನಿ ಅಂತ ಹುಡುಗಿಯರನ್ನ ನಂಬಿಸಿ, ಬೇರೆ ಊರಿಗೆ ಕರ್ಕೊಂಡು ಹೋಗಿ, ಬಸ್ ಸ್ಟ್ಯಾಂಡಿನ ಟಾಯ್ಲೆಟ್ಟಲ್ಲಿ ನುಂಗು ಅಂತ ಗರ್ಭ ನಿಲ್ಲದ ಮಾತ್ರೆ ಅಂತ ಹೇಳಿ ಸಯನೈಡ್ ಕೊಡ್ತಿದ್ದ. ಮಡಿಕೇರಿ, ಮೈಸೂರು, ಹಾಸನ ಹೀಗೆ ಬೇರೆ ಬೇರೆ ಊರಿನ ಬಸ್ ಸ್ಟ್ಯಾಂಡಲ್ಲಿ ಗುರುತಿಲ್ಲದ ಹೆಣ, ಬೇರೆ ಬೇರೆ ಠಾಣೆಯಲ್ಲಿ ಅಸಹಜ ಸಾವಿನ ಫೈಲು, ಒಂದನ್ನ ಇನ್ನೊಂದಕ್ಕೆ ಜೋಡಿಸಿದವರಿಲ್ಲ. 2009ರಲ್ಲಿ ಬಂಟ್ವಾಳ ಕಡೆಯ ಒಬ್ಬಳು ಕಾಣೆಯಾದ ಮೇಲೆ ಊರವರು ಗಲಾಟೆ ಮಾಡಿ, ಪೊಲೀಸರು ಫೋನ್ ಕರೆಗಳ ದಾಖಲೆ ಹಿಡ್ಕೊಂಡು ಒಂದರ ಹಿಂದೆ ಒಂದು ಹೋಗಿ ಸಿಕ್ಕಿಬಿದ್ದ. ಯಾವ ಸಾಳುಂಕೆ ಇದ್ದಿದ್ರೂ ಏನು ಮಾಡ್ತಿದ್ರು? ಒಂದೊಂದು ಡಬ್ಬಿ ಒಂದೊಂದು ಊರಿಂದ ಒಂದೊಂದು ವರ್ಷ ಬಂದ್ರೆ ಅವು ಅಕ್ಕತಂಗಿಯರು ಅಂತ ಡಬ್ಬಿ ಹೇಳಲ್ಲ. ಅತ್ತೆಗೆ ಇದನ್ನ ಹೇಳಿದಾಗ ತುಂಬಾ ಹೊತ್ತು ಮಾತಾಡಲಿಲ್ಲ, ಆಮೇಲೆ "ಅದ್ರ ಬದ್ಲು ಸೀರಿಯಲ್ಲೇ ಅಡ್ಡಿಲ್ಲೆ" ಅಂದ್ರು.

ಮಂಪರು ಪರೀಕ್ಷೆ ಬಗ್ಗೆ ಒಂದೇ ಮಾತು. ಒಂದು ಕಾಲದಲ್ಲಿ ಬೆಂಗಳೂರಿನ ಮಡಿವಾಳದ ಲ್ಯಾಬು ಇದಕ್ಕೇ ಫೇಮಸ್ಸು, ನಕಲಿ ಛಾಪಾಕಾಗದ ಹಗರಣದ ನಮ್ಮ ಖಾನಾಪುರದ ತೆಲಗಿಯನ್ನೂ ಬೆಂಗಳೂರಲ್ಲೇ ಮಲಗಿಸಿ ಮಾತಾಡಿಸಿದ್ದು. 2010ರಲ್ಲಿ ಸೆಲ್ವಿ ವರ್ಸಸ್ ಕರ್ನಾಟಕ ಸರ್ಕಾರ ಕೇಸಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಇದನ್ನ ಮಾಡೋ ಹಾಗಿಲ್ಲ ಅಂತ ಹೇಳಿ ಮುಗಿಸಿತು. ಸೀರಿಯಲಿನವರಿಗೆ ಆ ತೀರ್ಪಿನ ಪ್ರತಿ ಯಾರೂ ಕಳಿಸಿಲ್ಲ ಅನ್ಸುತ್ತೆ.

ಅಮೆರಿಕದಲ್ಲಿ 2000ನೇ ಇಸವಿಯಲ್ಲಿ ಸಿಎಸ್ಐ ಅನ್ನೋ ಫೊರೆನ್ಸಿಕ್ ಸೀರಿಯಲ್ ಶುರುವಾದ ಮೇಲೆ, ಜ್ಯೂರಿಯಲ್ಲಿ ಕೂರೋ ಸಾಮಾನ್ಯ ಜನ ಪ್ರತಿ ಕೇಸಲ್ಲೂ ಡಿಎನ್‌ಎ ಎಲ್ಲಿ ಅಂತ ಕೇಳೋಕೆ ಶುರು ಮಾಡಿದ್ದಾರೆ ಅಂತ ವಕೀಲರ ದೂರು, ಅದಕ್ಕೆ ಸಿಎಸ್ಐ ಎಫೆಕ್ಟ್ ಅಂತಲೇ ಹೆಸರಿಟ್ಟರು. 2006ರಲ್ಲಿ ಮಿಶಿಗನ್ನಿನ ಡೊನಾಲ್ಡ್ ಶೆಲ್ಟನ್ ಅನ್ನೋ ನ್ಯಾಯಾಧೀಶರು ಸುಮಾರು 1000 ಜನರನ್ನ ಕೇಳಿ ನೋಡಿದ್ರು. ಸೀರಿಯಲ್ ನೋಡೋರ ನಿರೀಕ್ಷೆ ಜಾಸ್ತಿ ಇದೆ ನಿಜ, ಆದ್ರೆ ತೀರ್ಪು ಕೊಡುವಾಗ ಅದರಿಂದ ಹೇಳಿಕೊಳ್ಳೋ ವ್ಯತ್ಯಾಸ ಇಲ್ಲ ಅಂತ ಬಂತು. ನಮ್ಮಲ್ಲಿ ಜ್ಯೂರಿಯೇ ಇಲ್ಲ. ಜ್ಯೂರಿ ಅಂದ್ರೆ ಮುಂಬೈಯವರಿಗೆ ನಾನಾವತಿ ಕೇಸೇ ನೆನಪಾಗೋದು, 1959ರದ್ದು. ನೌಕಾಪಡೆಯ ಕಮಾಂಡರ್ ನಾನಾವತಿ ಹೆಂಡತಿಯ ಗೆಳೆಯ ಪ್ರೇಮ್ ಆಹುಜಾನಿಗೆ ಮೂರು ಗುಂಡು ಹೊಡೆದ, ಕೈ ಕೈ ಮಿಲಾಯಿಸಿದಾಗ ಆಕಸ್ಮಿಕ ಹಾರಿತು ಅಂದ, ಜ್ಯೂರಿ ಎಂಟಕ್ಕೆ ಒಂದರಂತೆ ನಿರಪರಾಧಿ ಅಂತ ಹೇಳಿತು. ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. ಅವರು ನೋಡಿದ ದೊಡ್ಡ ಸಾಕ್ಷಿಗಳಲ್ಲಿ ಒಂದು ಏನು ಗೊತ್ತಾ, ಟವೆಲ್. ಸ್ನಾನ ಮುಗಿಸಿ ಬಂದಿದ್ದ ಆಹುಜಾನ ಸೊಂಟದಲ್ಲಿ ಟವೆಲ್ ಹಾಗೇ ಇತ್ತು. ಅಷ್ಟು ದೊಡ್ಡ ಹೊಡೆದಾಟ ಆಗಿದ್ರೆ ಅದು ಬಿಚ್ಚಿ ಬೀಳಬೇಕಿತ್ತಲ್ಲ? ಯಾವ ಮಶೀನೂ ಬೇಡ. ಆದ್ರೆ ಆ ಟವೆಲ್ ಹಾಗೇ ಇತ್ತು ಅಂತ ಅವತ್ತು ಗಮನಿಸಿದ್ದಕ್ಕೆ ಅದು ಸಾಕ್ಷಿ ಆಯ್ತು.

2024ರ ಜುಲೈ 1ರಿಂದ ಬಂದ, ಅಪರಾಧದ ತನಿಖೆ ವಿಚಾರಣೆ ಹೇಗೆ ನಡೀಬೇಕು ಅನ್ನೋ ಹೊಸ ಕಾನೂನಲ್ಲಿ, ಬಿಎನ್‌ಎಸ್‌ಎಸ್ ಅಂತಾರಲ್ಲ, ಅದರ 176ನೇ ಕಲಮಿನ ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರೋ ಅಪರಾಧ ಆದ್ರೆ ಫೊರೆನ್ಸಿಕ್ ಪರಿಣತರು ಜಾಗಕ್ಕೆ ಹೋಗಲೇಬೇಕು, ವಿಡಿಯೋ ಮಾಡಬೇಕು. ರಾಜ್ಯಗಳಿಗೆ ಜಾರಿ ಮಾಡೋಕೆ ಐದು ವರ್ಷದವರೆಗೆ ಟೈಮ್ ಕೊಟ್ಟಿದ್ದಾರೆ. ನನ್ನ ಗೆಳತಿಗೆ ಖುಷಿಯೂ ಇದೆ ಭಯವೂ ಇದೆ. "ಜಾಗಕ್ಕ ಹೋದ್ರ ಪ್ಯಾಕಿಂಗ್ ಸರಿ ಆಗತೈತಿ ನೋಡು, ಆದ್ರ ಬರೋ ಡಬ್ಬಿ ಎಲ್ಲಾ ಯಾರು ಮಾಡ್ಬೇಕು" ಅಂತಾಳೆ.

ಇಷ್ಟೆಲ್ಲ ಹೇಳುವಾಗ ಮೂಲೆಯಲ್ಲಿ ಪೇಪರ್ ಓದ್ತಿದ್ದ ಮಾವ, "ಪಂಚನ ವಿಷಯ ಹೇಳಿದ್ಯಾ?" ಅಂದ್ರು. ಹೌದಲ್ಲ, ಅದು ಬಿಟ್ಟೇ ಹೋಗಿತ್ತು. ಪಂಚರು ಅಂದ್ರೆ ಪೊಲೀಸರು ವಸ್ತು ವಶಪಡಿಸಿಕೊಳ್ಳೋದನ್ನ ನೋಡಿ ಸಹಿ ಹಾಕೋ ಹೊರಗಿನ ಸಾಕ್ಷಿಗಳು, ಸೀರಿಯಲಲ್ಲಿ ಅವರು ಕಾಣೋದೇ ಅಪರೂಪ. ನಿಜದಲ್ಲಿ ಪೊಲೀಸರು ಒಂದು ಚಾಕು ವಶಪಡಿಸಿಕೊಂಡ್ರೂ ಹೊರಗಿನ ಇಬ್ಬರು ನಿಂತು ನೋಡಿ, ಪಂಚನಾಮೆಗೆ, ಪ್ಯಾಕೆಟ್ ಮೇಲಿನ ಚೀಟಿಗೆ ಸಹಿ ಹಾಕಬೇಕು. ಅಪರಾತ್ರಿಯಲ್ಲಿ ಮುಂಬೈಯಲ್ಲಿ ಇಬ್ಬರು ಮರ್ಯಾದಸ್ಥರು ಎಲ್ಲಿ ಸಿಗ್ತಾರೆ? ಠಾಣೆ ಪಕ್ಕದ ಉಡುಪಿ ಹೋಟೆಲಲ್ಲಿ. ಮಾವ ಹನ್ನೆರಡು ಹದಿಮೂರು ವಯಸ್ಸಿಗೆ ಬಂದು ಕಪ್ಪು ಬಸಿ ತೊಳೆದು, ಮುಂಬೈ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತವರು. ಆ ಹೋಟೆಲಿಗೂ ಠಾಣೆಗೂ ಒಂದು ಗೋಡೆ ಅಂತರ. ಶಟರ್ ಎಳೆಯುವಾಗ ಹವಾಲ್ದಾರ್ ಬಂದು "ಅಣ್ಣಾ, ಎರಡು ನಿಮಿಷದ ಕೆಲಸ" ಅಂತ ಕರ್ಕೊಂಡು ಹೋಗ್ತಿದ್ರಂತೆ. ಎರಡು ನಿಮಿಷ ಅಂದ್ರೆ ಬೆಳಗಿನ ಇಡ್ಲಿ ಹಿಟ್ಟು ಉಬ್ಬೋವರೆಗೆ.

ಒಂದು ಕೊಲೆ ಕೇಸಲ್ಲಿ ರಕ್ತ ಹತ್ತಿದ ಶರ್ಟು ಪ್ಯಾಕ್ ಮಾಡಿದ್ದಕ್ಕೆ ಸಹಿ ಹಾಕಿದ್ದರು. ಅದು ಮರೆತೇ ಹೋದ ಮೇಲೆ, ವರ್ಷಗಳು ಕಳೆದು, ಸೆಷನ್ಸ್ ಕೋರ್ಟಿಂದ ಸಮನ್ಸ್. ಕಟಕಟೆಯಲ್ಲಿ ನಿಲ್ಲಿಸಿ ಆರೋಪಿ ಕಡೆ ವಕೀಲರು ಶರ್ಟಿಗೆ ಎಷ್ಟು ಗುಂಡಿ ಇತ್ತು, ದಾರ ಬಿಳಿಯಾ ಹಳದಿಯಾ, ಅರಗು ಕರಗಿಸಿದ್ದು ಮೇಣದಬತ್ತಿಯಲ್ಲಾ ಸ್ಟೋವಲ್ಲಾ ಅಂತ ಪೀಡಿಸಿದ್ರಂತೆ. ಮಾವ ನೆನಪಿಲ್ಲದ್ದಕ್ಕೆ ನೆನಪಿಲ್ಲ ಅಂದ್ರು. ಆಮೇಲೆ ವಕೀಲರು "ನೀವು ಮದ್ರಾಸಿ, ಚೀಟಿ ಇರೋದು ಮರಾಠಿಯಲ್ಲಿ, ಪೊಲೀಸರು ಎಲ್ಲಿ ತೋರಿಸಿದ್ರೋ ಅಲ್ಲಿ ಸಹಿ ಹಾಕಿದ್ರಿ ಅಲ್ವಾ" ಅಂದ್ರು. ಮಾವ ಚೀಟಿ ಕೈಗಿಸ್ಕೊಂಡು, ಮರಾಠಿಯಲ್ಲಿದ್ದದ್ದನ್ನ ಜಡ್ಜ್ ಎದುರು ಗಟ್ಟಿಯಾಗಿ ಓದಿ, ಕೆಳಗೆ ಕನ್ನಡದಲ್ಲಿದ್ದ ತಮ್ಮ ಸಹಿ ತೋರಿಸಿ, ಅದರ ಪಕ್ಕದಲ್ಲಿ ತಾವೇ ಬರೆದಿದ್ದ ತಾರೀಕು, ಗಂಟೆ ತೋರಿಸಿದ್ರು. ಹೋಟೆಲ್ ಲೆಕ್ಕದ ಅಭ್ಯಾಸ ಅದು, ಹಾಲಿನವನ ಚೀಟಿಗೂ ಗಂಟೆ ಹಾಕದೆ ಸಹಿ ಮಾಡೋರಲ್ಲ ಅವರು. ಆ ಶರ್ಟಿನ ಮೇಲಿನ ರಕ್ತದ ರಿಪೋರ್ಟ್ ಆ ಕೇಸಲ್ಲಿ ಉಳೀತು ಅಂತ ಸರ್ಕಾರಿ ವಕೀಲರು ಹೊರಗೆ ಬಂದು ಹೇಳಿದ್ರಂತೆ, ಚಹಾ ಮಾತ್ರ ಕುಡಿಸಲಿಲ್ಲ. ಮುಂದಿನ ತಿಂಗಳೇ ಶಟರ್ ಎಳೆಯೋ ಹೊತ್ತಿಗೆ ಹವಾಲ್ದಾರ್ ಮತ್ತೆ ಹಾಜರು, ಈ ಸಲ ಮಾವ ಹೋಗುವಾಗ ತಮ್ಮದೇ ಪೆನ್ನು ತಗೊಂಡು ಹೋದ್ರು, ಪೊಲೀಸರ ಪೆನ್ನು ಸರಿ ಬರೆಯಲ್ಲವಂತೆ.